ಫ್ರಾನ್ಸ್‌ನ ಹಳ್ಳಿಗಾಡಿನಲ್ಲಿ ಸೈಕಲ್ ತುಳಿಯಬೇಕು, ಹಳೆಯ ಊರುಗಳನ್ನೂ ನೋಡಬೇಕು. ಯಾವ ಭಾಗ ಒಳ್ಳೆಯದು?

ನನ್ನನ್ನು ಕೇಳಿದರೆ ದಕ್ಷಿಣ ಫ್ರಾನ್ಸ್‌ನ ಪ್ರೊವಾನ್ಸ್ ಪ್ರಾಂತ್ಯದ ಲ್ಯುಬೆರೊನ್. ಊರಿಂದೂರಿಗೆ ದೂರ ಕಡಿಮೆ, ಒಳರಸ್ತೆಗಳಲ್ಲಿ ವಾಹನಗಳ ಕಾಟವೂ ಕಡಿಮೆ. ಆದರೆ ಹೆಚ್ಚಿನ ಊರುಗಳು ಗುಡ್ಡದ ನೆತ್ತಿಯ ಮೇಲಿವೆ. ಏರು ತುಳಿಯದೆ ಅವು ದಕ್ಕುವುದಿಲ್ಲ. ಗೋರ್ಡ್ ಬಂಡೆಯ ಮೇಲೆ ಕಟ್ಟಿದ ಕಲ್ಲಿನ ಊರು. ರುಸಿಯೋನ್‌ನಲ್ಲಿ ಮಣ್ಣೂ ಕಾವಿ, ಮನೆಗಳ ಗೋಡೆಯೂ ಕಾವಿ. 1148ರಲ್ಲಿ ಸ್ಥಾಪನೆಯಾದ ಸೆನಾಂಕ್ ಮಠದ ಮುಂದಿನ ಲ್ಯಾವೆಂಡರ್ ಹೂವು ನೋಡಬೇಕಿದ್ದರೆ ಜೂನ್ ಕೊನೆ, ಜುಲೈ ಮೊದಲಲ್ಲಿ ಹೋಗಿ; ಜನಜಂಗುಳಿಯನ್ನೂ ಸಹಿಸಿಕೊಳ್ಳಿ.

ನನಗೆ ಇವೆಲ್ಲಕ್ಕಿಂತ ಹೆಚ್ಚು ಹಿಡಿಸುವುದು ಬೊನ್ಯೂ ಬಳಿಯ ಪೋಂ ಜೂಲಿಯೆನ್. ಕಲವೋನ್ ಹೊಳೆಗೆ ರೋಮನ್ನರು ಕಟ್ಟಿದ ಮೂರು ಕಮಾನಿನ ಈ ಸೇತುವೆಗೆ ಸುಮಾರು 2,000 ವರ್ಷ. ನೆರೆ ನುಗ್ಗಿದಾಗ ನೀರು ಹಾದುಹೋಗಲೆಂದು ಕಂಬಗಳಲ್ಲೇ ಕಿಂಡಿ ಬಿಟ್ಟಿದ್ದಾರೆ. 2005ರವರೆಗೆ ಕಾರುಗಳೂ ಇದರ ಮೇಲೆಯೇ ಓಡಾಡುತ್ತಿದ್ದವು! ಈಗ ನಡೆಯುವವರಿಗೆ, ಸೈಕಲ್ಲಿನವರಿಗೆ ಮಾತ್ರ.

ಕಾಲಲ್ಲಿ ಕಸುವಿದ್ದರೆ ಉತ್ತರಕ್ಕೆ ಮೋಂ ವಾಂಟೂ ಬೆಟ್ಟ ಇದೆ. ಬುಡದಲ್ಲಿರುವ ಬೆದ್ವಾನ್ ಊರಿಂದ ಸುಮಾರು 21 ಕಿ.ಮೀ. ಏರು, ತುದಿ ಸುಮಾರು 1,900 ಮೀಟರ್. ಶಿಖರಕ್ಕೆ ಸ್ವಲ್ಪ ಮೊದಲು ಬ್ರಿಟಿಷ್ ಸೈಕಲ್ ಸವಾರ ಟಾಮ್ ಸಿಂಪ್ಸನ್ ಅವರ ಸ್ಮಾರಕ ಸಿಗುತ್ತದೆ. 1967ರ ಟೂರ್ ದ ಫ್ರಾನ್ಸ್ ಸೈಕಲ್ ಪಂದ್ಯದಲ್ಲಿ ಅವರು ಕುಸಿದು ಪ್ರಾಣಬಿಟ್ಟದ್ದು ಇದೇ ಏರಿನಲ್ಲಿ. ಸವಾರರು ಅಲ್ಲಿ ನೀರಿನ ಬಾಟಲಿ, ಟೋಪಿ ಇಟ್ಟು ಮುಂದೆ ಹೋಗುತ್ತಾರೆ. ಉತ್ತರದ ಕಡೆಯಿಂದ ಬೀಸುವ ಮಿಸ್ತ್ರಾಲ್ ಗಾಳಿ ಜೋರಾಗಿರುವ ದಿನ ಮಾತ್ರ ಈ ಬೆಟ್ಟದ ಸಹವಾಸ ಬೇಡ.