ಮೂವರು ಮಕ್ಕಳು, ಒಂದೇ ಪ್ರವಾಸ

ಪ್ರಶ್ನೆ: ಮಗಳಿಗೆ 14, ಆಟಿಸಂ ಇರುವ ಮಗನಿಗೆ 8, ಕಿರಿಯವಳಿಗೆ 3 ವರ್ಷ. ಮಗನಿಗೆ ಗದ್ದಲ ಆಗದು. ದಸರಾಕ್ಕೆ ಮೈಸೂರಿಗೆ ಹೋಗಬಹುದೇ?
– ಒಬ್ಬ ತಾಯಿ, ಹಾಸನ

ಉತ್ತರ: ಹೋಗಿ ತಾಯಿ, ಆದರೆ ವಿಜಯದಶಮಿ ಕಳೆದ ಮೇಲೆ, ವಾರದ ನಡುವೆ. ಜಂಬೂಸವಾರಿಯ ನೂಕುನುಗ್ಗಲು ಅವನಿಗೆ ಹಿಂಸೆ. ಮೃಗಾಲಯಕ್ಕೆ ಮಂಗಳವಾರ ರಜೆ. ಉಳಿದ ದಿನ ಬಾಗಿಲು ತೆರೆಯುವ ಹೊತ್ತಿಗೇ ಒಳಗಿರಿ. ನನ್ನ ಅಕ್ಕನ ಮೊಮ್ಮಗನೂ ಇಂಥವನೇ. ಜಿರಾಫೆ ಸೊಪ್ಪು ಜಗಿಯುವುದನ್ನು ಕಂಡು, ಕಿವಿ ಮುಚ್ಚಿದ್ದ ಕೈ ಇಳಿಸಿ, ತಾನೂ ದವಡೆ ಆಡಿಸುತ್ತ ಅರ್ಧ ಗಂಟೆ ನಿಂತಿದ್ದ. ನಾವು ಯಾರೂ ಅವನನ್ನು ಎಳೆಯಲಿಲ್ಲ. ಪುಟ್ಟವಳು ದಣಿದರೆ ಬ್ಯಾಟರಿ ಗಾಡಿ ಇದೆ. ಮಧ್ಯಾಹ್ನ ಕೋಣೆಯಲ್ಲಿ ನಿದ್ದೆ.

ದೊಡ್ಡವಳನ್ನು ಮರೆಯಬೇಡಿ, ಸದಾ ಹೊಂದಿಕೊಳ್ಳುವವಳು ಅವಳೇ. ಒಂದು ಬೆಳಿಗ್ಗೆ ಚಿಕ್ಕವರನ್ನು ನಿಮ್ಮ ಯಜಮಾನರಿಗೆ ಒಪ್ಪಿಸಿ, ನೀವಿಬ್ಬರೇ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ, ನಂದಿಯ ಬಳಿ ಕುಳಿತು ಅವಳ ಮಾತು ಕೇಳಿ.