ಕಾವೇರಿಯ ಮಹಶೀರ್‌ಗೆ ಸಾಲ್ಮನ್ ಡ್ರಮ್ ಸಾಕೇ?

ಹೊಳೆ ಪಕ್ಕ ಡ್ರಮ್ ಇಟ್ಟು ಸಾಲ್ಮನ್ ಮೀನಿನ ಮೊಟ್ಟೆಗಳನ್ನು ಮರಿ ಮಾಡಿಸುವ ವಿಡಿಯೋ ನೋಡಿದ್ದೀರಿ. ಬೆಂಗಳೂರಿನ ಪಕ್ಕದಲ್ಲೇ ಕಾವೇರಿ ಇರುವಾಗ, ಅಳಿಯುತ್ತಿರುವ ನಮ್ಮ ಹೊಳೆಮೀನು ಮಹಶೀರ್‌ಗೂ ಅದನ್ನೇ ಯಾಕೆ ಮಾಡಬಾರದು ಅಂತ ನಿಮ್ಮ ಪ್ರಶ್ನೆ.

ಅಂಥ ಡ್ರಮ್ಮಿಗೆ ನಾನೂ ಕೈ ಹಾಕಿದ್ದೇನೆ. ಈಗ ನನ್ನ ಮನೆ ಕನಕಪುರ ರಸ್ತೆಯಲ್ಲಿ. ಹಿಂದೆ ಆಫೀಸಿನವರು ಎರಡು ವರ್ಷ ಅಮೆರಿಕದ ವಾಷಿಂಗ್ಟನ್ ರಾಜ್ಯಕ್ಕೆ ಕಳಿಸಿದ್ದರು. ಚಳಿಗಾಲದಲ್ಲಿ ಮನೆಯಲ್ಲಿ ಕೂತು ಬೇಜಾರಾಗಿ, ಅಲ್ಲಿನ ಹೊಳೆ ನೋಡಿಕೊಳ್ಳುವ ಒಂದು ಗುಂಪಿಗೆ ಸೇರಿಕೊಂಡೆ.

ಸಾಮಾನು ಏನೂ ದೊಡ್ಡದಲ್ಲ. ನೀರು ಬಿಡದ ದಿನಕ್ಕೆ ಅಂತ ನಮ್ಮ ಬಚ್ಚಲಲ್ಲಿ ಇಟ್ಟುಕೊಳ್ಳುತ್ತೇವಲ್ಲ, ಆ ಥರದ್ದೇ 200 ಲೀಟರಿನ ಪ್ಲಾಸ್ಟಿಕ್ ಡ್ರಮ್. ಮೇಲಿನ ಒರತೆಯಿಂದ ಪೈಪಿನಲ್ಲಿ ನೀರು ತಾನಾಗಿ ಇಳಿದು ಬರುತ್ತದೆ. ಮೋಟಾರ್ ಬೇಡ, ಕರೆಂಟ್ ಬೇಡ. ಮೊದಲು ಇನ್ನೊಂದು ಡ್ರಮ್ಮಿನಲ್ಲಿ ಕೆಸರು ತಂಗುತ್ತದೆ. ಆಮೇಲೆ ನೀರು ಮೊಟ್ಟೆಯ ಡ್ರಮ್ಮಿನ ತಳಕ್ಕೆ ಹೋಗಿ, ಜಲ್ಲಿಕಲ್ಲಿನ ಸಂದಿಯಿಂದ ಮೇಲಕ್ಕೆ ಉಕ್ಕುತ್ತದೆ. ಮೊಟ್ಟೆಗಳು ಮೇಲೆ ತೂತಿನ ತಟ್ಟೆಯಲ್ಲಿರುತ್ತವೆ. ಅಮೆರಿಕದ ಇನ್ನೊಂದು ರಾಜ್ಯ ಐಡಹೋದಲ್ಲಿ ಕೆಟ್ಟುಹೋದ ಹಳೇ ಫ್ರಿಜ್‌ಗಳನ್ನು ಮಲಗಿಸಿ ಇದೇ ಕೆಲಸಕ್ಕೆ ಬಳಸಿದ್ದಾರೆ. ನಮ್ಮ ಗುಜರಿಯವರು ಕೇಳಿದರೆ ಖುಷಿಪಡುತ್ತಾರೆ.

ಕಿತ್ತಳೆ ಬಣ್ಣದ ಮೊಟ್ಟೆಯೊಳಗೆ ಎರಡು ಕಪ್ಪು ಕಣ್ಣು ಕಂಡ ಮೇಲೇ ಅದನ್ನು ಡ್ರಮ್ಮಿಗೆ ತರುವುದು. ಅದಕ್ಕೂ ಮುಂಚೆ ಜಾಸ್ತಿ ಅಲುಗಿದರೆ ಸತ್ತೇಹೋಗುತ್ತದೆ. ಒಡೆದು ಬಂದ ಮರಿಗಳು ಹೊಟ್ಟೆಗೆ ಅಂಟಿದ ಹಳದಿಯನ್ನು ತಿನ್ನುತ್ತಾ ಕಲ್ಲಿನ ಕತ್ತಲಲ್ಲಿ ಅಡಗಿರುತ್ತವೆ. ಅದು ಮುಗಿದ ಮೇಲೆ ಬೆಳಕಿನ ಕಡೆ ಎದ್ದು, ಹೊರಗಿನ ಪೈಪಿನಿಂದ ತಾವೇ ಹೊಳೆಗೆ ಇಳಿಯುತ್ತವೆ. ಯಾರೂ ಹಿಡಿದು ಬಿಡಬೇಕಾಗಿಲ್ಲ. ಸಾಲ್ಮನ್ ಸಮುದ್ರಕ್ಕೆ ಹೋಗಿ ದೊಡ್ಡದಾದ ಮೇಲೆ ತಾನು ಬೆಳೆದ ಹೊಳೆಯನ್ನು ವಾಸನೆಯಲ್ಲೇ ಗುರುತು ಹಿಡಿದು ವಾಪಸ್ ಬರುತ್ತದೆ. ಅದಕ್ಕೇ ಆ ಹೊಳೆಯ ನೀರಲ್ಲೇ ಮರಿ ಮಾಡಿಸುವುದು.

ಒಂದು ಬುಧವಾರ ಪೈಪಿನ ಜಾಲರಿ ತೊಳೆಯುವ ಸರದಿ ನನ್ನದಿತ್ತು. ಮಳೆ ಅಂತ ಹೋಗಲಿಲ್ಲ. ಕೊಳೆತ ಎಲೆ ಬಂದು ಜಾಲರಿ ಕಟ್ಟಿಕೊಂಡಿತು, ನೀರು ನಿಂತಿತು. ಶನಿವಾರ ಮುಚ್ಚಳ ತೆಗೆದರೆ ಒಳಗೆ ಮೊಟ್ಟೆಗಳೆಲ್ಲ ಸತ್ತು ಸಾಬಕ್ಕಿ ಥರ ಬೆಳ್ಳಗೆ, ಮೇಲೆ ಹತ್ತಿಯಂಥ ಬೂಷ್ಟು. ಯಾರೂ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಈಗ ಕಾವೇರಿಗೆ ಬರೋಣ. ಸಾಲ್ಮನ್ ಮೊಟ್ಟೆ 10 ಡಿಗ್ರಿ ನೀರಿನಲ್ಲಿ ಒಡೆಯಲು ಸುಮಾರು 50 ದಿನ ಬೇಕು. ನೀರು ಇನ್ನೂ ತಣ್ಣಗಿದ್ದರೆ ತಿಂಗಳುಗಟ್ಟಲೆ. ಅಷ್ಟು ದಿನ ಜಲ್ಲಿಯೊಳಗೆ ಇರುವಾಗ ಕೆಸರು ಮುಚ್ಚಿ ಉಸಿರುಗಟ್ಟುತ್ತದೆ, ನೆರೆ ಕೊಚ್ಚಿಕೊಂಡು ಹೋಗುತ್ತದೆ. ಡ್ರಮ್ ಕಾಯುವುದು ಈ ಗಂಡಾಂತರದ ಕಾಲವನ್ನು. ಮಹಶೀರ್ ಮೊಟ್ಟೆ ನಮ್ಮ ಬೆಚ್ಚಗಿನ ನೀರಿನಲ್ಲಿ ಮೂರು ನಾಲ್ಕು ದಿನಕ್ಕೇ ಒಡೆಯುತ್ತದೆ. ಅಂದರೆ ಡ್ರಮ್ಮಿನಿಂದ ಸಿಗುವ ಲಾಭ ಆ ನಾಲ್ಕು ದಿನದ್ದು ಮಾತ್ರ. ಅದೂ ಮಳೆಗಾಲದ ಕೆಂಪು ನೀರಲ್ಲಿ. ಜಾಲರಿಯನ್ನು ಗಂಟೆಗೊಮ್ಮೆ ತೊಳೆಯಬೇಕಾದೀತು, ನನ್ನಂಥವರನ್ನು ನಂಬಬೇಡಿ.

ನಮ್ಮಲ್ಲಿ ಪೆಟ್ಟು ಬೀಳುತ್ತಿರುವುದು ದೊಡ್ಡ ಮೀನಿಗೆ. ಸಿಡಿಮದ್ದು ಹಾಕಿ ಹಿಡಿಯುತ್ತಾರೆ, ಮರಳು ಬಗೆಯುತ್ತಾರೆ, ಬೇಸಿಗೆಯಲ್ಲಿ ಮಡುಗಳು ಇಳಿದುಹೋಗುತ್ತವೆ, ಅಣೆಕಟ್ಟು ದಾರಿ ಕಟ್ಟುತ್ತದೆ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಎಂಬವರು ಕಬಿನಿಯಲ್ಲಿ ಗಾಳ ಹಾಕಿ 120 ಪೌಂಡಿನ ಮಹಶೀರ್ ಹಿಡಿದಿದ್ದರು, ಸುಮಾರು 54 ಕೆ.ಜಿ. ಅಂಥದ್ದು ಬೆಳೆಯಲು ಎಷ್ಟೋ ವರ್ಷ ಬೇಕು. ತೆಗೆಯಲು ಒಂದು ಮದ್ದು ಸಾಕು.

ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ: ಯಾರ ಮೊಟ್ಟೆ? ಕಾವೇರಿಯ ದೊಡ್ಡ ಮಹಶೀರ್, ಬೆನ್ನು ಉಬ್ಬಿದ, ಕಿತ್ತಳೆ ರೆಕ್ಕೆಯದು. ಕಾವೇರಿ ಮತ್ತು ಅದರ ಉಪನದಿಗಳು ಬಿಟ್ಟರೆ ಬೇರೆಲ್ಲೂ ಇಲ್ಲ. ಅದು ಟಾರ್ ರೆಮಾದೇವಿ ಎಂಬ ಜಾತಿ ಅಂತ ವಿಜ್ಞಾನಿಗಳು ಖಚಿತ ಮಾಡಿದ್ದೇ 2018ರಲ್ಲಿ. ಅಷ್ಟರೊಳಗೆ, 1970ರ ದಶಕದಿಂದಲೇ, ಒಳ್ಳೆಯ ಉದ್ದೇಶದಿಂದಲೇ ಹ್ಯಾಚರಿಯ, ಅಂದರೆ ಮೀನುಮರಿ ಕೇಂದ್ರದ, ಮರಿಗಳನ್ನು ಕಾವೇರಿಗೆ ತಂದು ಬಿಟ್ಟಿದ್ದರು. ಅವು ಮಹಶೀರಿನದೇ ಇನ್ನೊಂದು ಜಾತಿ, ನೀಲಿ ರೆಕ್ಕೆಯ ಟಾರ್ ಖುದ್ರಿ, ಕೃಷ್ಣಾ ಕಡೆಯ ಮೀನು. ಗಾಳದವರ ಕ್ಯಾಂಪಿನ ಲೆಕ್ಕದ ಪುಸ್ತಕಗಳಲ್ಲಿ ನೀಲಿ ರೆಕ್ಕೆಯದು ಏರುತ್ತಾ ಹೋಯಿತು, ಉಬ್ಬು ಬೆನ್ನಿನದು ಕುಸಿಯಿತು. ಸುಲಭವಾಗಿ ಸಿಗುವ ಮೊಟ್ಟೆ ಇವತ್ತಿಗೂ ನೀಲಿ ರೆಕ್ಕೆಯದೇ. ನೀವು ಡ್ರಮ್ ಇಟ್ಟು ಅದನ್ನೇ ತುಂಬಿದರೆ ಕಷ್ಟ ಯಾರಿಗೆ, ಹೇಳಿ?

ಅದಕ್ಕೇ ನಾನಾಗಿದ್ದರೆ ಮೊದಲು ಉಳಿದಿರುವ ಉಬ್ಬು ಬೆನ್ನಿನ ಮೀನುಗಳ ಮಡುಗಳಿಗೆ ಕಾವಲು ಹಾಕಿಸುತ್ತಿದ್ದೆ. ಡ್ರಮ್ಮಿನ ಯೋಚನೆ ಆಮೇಲೆ, ಅದೂ ಆ ಮೀನಿನದೇ ಮೊಟ್ಟೆ ಸಿಕ್ಕರೆ. ಶೃಂಗೇರಿಗೆ ಹೋದಾಗ ತುಂಗೆಯ ಮೆಟ್ಟಿಲ ಮೇಲೆ ನಿಂತು ನೋಡಿ. ಮಂಡಕ್ಕಿ ಎಸೆದರೆ ನೀರು ಕುದಿಯುವಂತೆ ಮೀನು ಮೇಲೇಳುತ್ತವೆ. ತುಂಗೆ ಕೃಷ್ಣೆಯ ಕಡೆಯ ನದಿ, ಅಲ್ಲಿ ಖುದ್ರಿ ಮನೆಯ ಮೀನು. ದೇವರ ಮೀನು ಅಂತ ಯಾರೂ ಬಲೆ ಹಾಕುವುದಿಲ್ಲ.