ಸಿನಿಮಾದ ಮೊದಲ ಐದು ನಿಮಿಷದಲ್ಲಿ ಪಾತ್ರವನ್ನು ಪರಿಚಯ ಮಾಡಿಸೋದು ಹೇಗೆ?

ಶಾರ್ಟ್ ಫಿಲ್ಮ್ ಬರೀತಿದ್ದೀರಿ, ನಾಯಕ ಮೈಸೂರಿನ ಜಿಪುಣ ಮೇಷ್ಟ್ರು, ಅವರು ಎಂಥವರು ಅಂತ ಶುರುವಿನಲ್ಲೇ ಹಿನ್ನೆಲೆ ದನಿಯಲ್ಲಿ ಹೇಳಿಸಿಬಿಡಲಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ಅವರಿಗೊಂದು ಕೆಲಸ ಕೊಡಿ. ಉಳಿದದ್ದು ನೋಡುವವರಿಗೆ ತಾನಾಗೇ ಗೊತ್ತಾಗುತ್ತೆ.

ನಾನು ಮಂಡ್ಯದವನು, ಹಾಗಾಗಿ ಈ ಮಾತು ಬಂದರೆ ಮೊದಲು ನೆನಪಾಗೋದು ರಾಮ್ ರೆಡ್ಡಿ ಅವರ 'ತಿಥಿ'. ನಮ್ಮ ಜಿಲ್ಲೆಯ ನೊದೆಕೊಪ್ಪಲಿನ ಕಡೆ, ಊರಿನ ಜನರನ್ನೇ ಹಾಕಿಕೊಂಡು ತೆಗೆದ ಸಿನಿಮಾ, 2016ರಲ್ಲಿ ತೆರೆಗೆ ಬಂತು. ಶುರುವಿನಲ್ಲಿ 101 ವರ್ಷದ ಸೆಂಚುರಿ ಗೌಡ ದಾರಿಯಲ್ಲಿ ಹೋಗೋರನ್ನೆಲ್ಲ ಬಾಯಿಗೆ ಬಂದ ಹಾಗೆ ಬೈತಾನೆ. ಆಮೇಲೆ ಎದ್ದು ಹೋಗಿ ಮೂತ್ರಕ್ಕೆ ಕೂರ್ತಾನೆ, ಅಲ್ಲೇ ಉರುಳಿ ಸತ್ತುಹೋಗ್ತಾನೆ. ಅಷ್ಟೇ.

ಈ ಮುದುಕ ಯಾರಿಗೂ ಸೊಪ್ಪು ಹಾಕಿದವನಲ್ಲ ಅಂತ ಬೈಗುಳದಲ್ಲೇ ಗೊತ್ತಾಯಿತು, ಅಲ್ವಾ? ನನಗೆ ಅದಕ್ಕಿಂತ ಮುಖ್ಯ ಅನ್ನಿಸೋದು ಆ ಸಾವನ್ನು ತೋರಿಸಿದ ರೀತಿ. ಅದೇ ಸಾವಿಗೆ ಪಿಟೀಲು ಸೇರಿಸಿ, ಮುಖದ ಹತ್ತಿರ ಕ್ಯಾಮೆರಾ ಇಟ್ಟು, ಸೊಸೆ ಕೈಯಿಂದ ನೀರಿನ ಚೊಂಬು ಬೀಳಿಸಿದ್ದರೆ ನಾವು ಕಣ್ಣೀರಿಗೆ ತಯಾರಾಗಿ ಕೂತಿರುತ್ತಿದ್ದೆವು. ಇಲ್ಲಿ ಹಾಗೆ ಮಾಡಿಲ್ಲ. ಹಾಗಾಗಿ ಮುಂದೆ ಮಗ ಗಡ್ಡಪ್ಪ ಅಪ್ಪ ಸತ್ತಿದ್ದಕ್ಕೆ ತಲೆಯೇ ಕೆಡಿಸಿಕೊಳ್ಳದೆ ಅಲೆದಾಡಿದಾಗಲೂ, ಮೊಮ್ಮಗ ತಮ್ಮಣ್ಣ ಜಮೀನಿನ ಹಿಂದೆ ಬಿದ್ದಾಗಲೂ ನಮಗೆ ಸಂಕೋಚವಿಲ್ಲದೆ ನಗು ಬರುತ್ತೆ. ಸಾವಿನ ಮನೆಯಲ್ಲೂ ನಗಬಹುದು ಅನ್ನೋ ಅಪ್ಪಣೆ ಮೊದಲ ದೃಶ್ಯದಲ್ಲೇ ಸಿಕ್ಕಿರುತ್ತೆ. ಸಿನಿಮಾ ಯಾವ ಬಗೆಯದು ಅನ್ನೋದು ಏನಾಯಿತು ಅನ್ನೋದಕ್ಕಿಂತ ಅದನ್ನು ಹೇಗೆ ತೋರಿಸಿದರು ಅನ್ನೋದರಲ್ಲೇ ಜಾಸ್ತಿ ಇರುತ್ತೆ.

ಮಾತೇ ಇಲ್ಲದೆ ಪರಿಚಯ ಮಾಡಿಸೋದು ನೋಡಬೇಕಾದರೆ ಹಾಲಿವುಡ್ ನಿರ್ದೇಶಕ ಹಿಚ್‌ಕಾಕ್‌ನ 'ರಿಯರ್ ವಿಂಡೋ' (1954) ಹಾಕಿ. ಕ್ಯಾಮೆರಾ ವಠಾರದ ಕಿಟಕಿಗಳನ್ನೆಲ್ಲ ಸುತ್ತಿ ಬಂದು, ಬೆವೆತು ಮಲಗಿದವನ ಪ್ಲಾಸ್ಟರ್ ಹಾಕಿದ ಕಾಲು, ಒಡೆದ ಕ್ಯಾಮೆರಾ, ರೇಸ್ ಕಾರು ಅಪಘಾತದ ಫೋಟೋ, ಹೀಗೆ ಒಂದೊಂದನ್ನೇ ದಾಟುತ್ತೆ. ಅವನು ಫೋಟೋಗ್ರಾಫರ್, ಅಪಾಯಕ್ಕೆ ಹೆದರದವನು, ಈಗ ಎದ್ದು ಓಡಾಡಲಾರ ಅಂತ ಒಬ್ಬರೂ ಹೇಳಲ್ಲ. ಜೊತೆಗೆ ಅವನಿಗಿಂತ ಮೊದಲೇ ನಮ್ಮನ್ನು ಬೇರೆಯವರ ಕಿಟಕಿಗೆ ಇಣುಕುವ ಹಾಗೆ ಮಾಡಿಬಿಟ್ಟಿದ್ದಾನೆ ಹಿಚ್‌ಕಾಕ್ ಅನ್ನೋ ಪುಣ್ಯಾತ್ಮ.

ನಮ್ಮ ಮಾಸ್ ಸಿನಿಮಾದ ಹೀರೋ ಎಂಟ್ರಿಯೂ ಇದೇ ಕೆಲಸ ಮಾಡುತ್ತೆ. ಮೊದಲು ಶೂ, ಆಮೇಲೆ ಧೂಳು, ಕೊನೆಗೆ ಮುಖ. ಟಾಕೀಸಿನಲ್ಲಿ ಬೀಳುವ ಶಿಳ್ಳೆ ಸುಮ್ನೆ ಬರಲ್ಲ.

ಈಗ ನಿಮ್ಮ ಮೇಷ್ಟ್ರು. ಅವರನ್ನು ದೇವರಾಜ ಮಾರ್ಕೆಟ್‌ಗೆ ಕಳಿಸಿ, ಒಂದು ಮೊಳ ಮಲ್ಲಿಗೆ ಕೊಳ್ಳಲಿ. ಹೂವಿನವಳು ತನ್ನ ಕೈಯಲ್ಲಿ ಅಳೆದು ಕೊಟ್ಟ ಮೇಲೆ, ಅವರು ತಮ್ಮ ಉದ್ದದ ಕೈಯಲ್ಲಿ ಮತ್ತೆ ಅಳೆದು, 'ಏನಮ್ಮಾ, ಇನ್ನೂ ನಾಲ್ಕು ಹೂ ಬೇಕಲ್ಲ' ಅನ್ನಲಿ. ಜಿಪುಣ ಅನ್ನೋ ಪದವೇ ಬೇಡ. ಅವಳು ನಕ್ಕು ಎರಡು ಹೂ ಎಸೆದರೆ ತಮಾಷೆಯ ಸಿನಿಮಾ. ಮೇಷ್ಟ್ರು ಮನೆಗೆ ಬಂದು ಆ ಹೂವನ್ನು ಹೆಂಡತಿಯ ಫೋಟೋಗೆ ಹಾಕಿದರೆ ಅದು ಬೇರೆಯದೇ ಸಿನಿಮಾ. ನಿಮಗೆ ಯಾವುದು ಬೇಕು ಅಂತ ಮೊದಲ ಶಾಟ್ ತೆಗೆಯುವ ಮುಂಚೆ ತೀರ್ಮಾನ ಮಾಡಿ. ಎರಡನೆಯದಾದರೆ ಫೋಟೋವನ್ನು ಅವಸರದಲ್ಲಿ ತೋರಿಸಬೇಡಿ, ಮಾರ್ಕೆಟ್‌ನಲ್ಲಿ ಚೌಕಾಸಿ ಪೂರ್ತಿ ನಡೀಲಿ.